ತೋಟದ ಕೆರೆಯ ಮಣ್ಣಿನ ಒಡ್ಡು: ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಸುತ್ತಮುತ್ತ ಸ್ವಂತ ಜಮೀನಿನಲ್ಲಿ ಹಳ್ಳಕ್ಕೆ ಅಡ್ಡಲಾಗಿ ಒಡ್ಡು ಹಾಕಿ, ದೋಣಿಗೆ, ಮೀನು ಗಾಳಕ್ಕೆ, ಬಂದ ಅತಿಥಿಗಳ ಖುಷಿಗೆ ನೀರು ನಿಲ್ಲಿಸಿಕೊಂಡವರಿಗಾಗಿ ಈ ಪುಟ. ಇಲ್ಲಿನ ಅಳತೆಗಳು ಸುಮಾರು 3ರಿಂದ 8 ಮೀಟರ್ ಎತ್ತರದ ಮಣ್ಣಿನ ಒಡ್ಡಿಗೆ ಹೊಂದುತ್ತವೆ. ಒಡ್ಡಿನ ಮೇಲ್ಭಾಗಕ್ಕೆ ನೆತ್ತಿ, ನೀರಿನ ಕಡೆಯ ಇಳಿಜಾರಿಗೆ ಒಳಮೈ, ಒಣ ಕಡೆಯದಕ್ಕೆ ಹೊರಮೈ, ಹೊರಮೈ ನೆಲ ಮುಟ್ಟುವ ಜಾಗಕ್ಕೆ ಬುಡ, ಹೆಚ್ಚಾದ ನೀರು ಹೊರಹೋಗುವ ದಾರಿಗೆ ಕೋಡಿ, ಬೇಕಾದಾಗ ನೀರು ಬಿಡಲು ಒಡ್ಡಿನಡಿ ಹಾಕಿದ ಪೈಪಿನ ಮಾರ್ಗಕ್ಕೆ ತೂಬು ಎಂದು ಹೇಳಿದ್ದೇವೆ.

ನಮ್ಮದು ನಾಲ್ಕೆಕರೆಯ ಸಣ್ಣ ಕೆರೆ. ಇದಕ್ಕೂ ಅಣೆಕಟ್ಟಿನಷ್ಟು ಕಾಳಜಿ ಬೇಕೆ?

ಲೆಕ್ಕ ಹಾಕಿ ನೋಡಿ. ನೀರು ಹರಡಿದ ಜಾಗ ನಾಲ್ಕು ಎಕರೆ, ಅಂದರೆ ಸುಮಾರು 16,000 ಚದರ ಮೀಟರ್. ಒಡ್ಡಿನ ಬಳಿ ಆಳ 5 ಮೀಟರ್. ಹಳ್ಳದ ತಗ್ಗಿನಲ್ಲಿ ನಿಂತ ನೀರಿಗೆ ವಿಸ್ತೀರ್ಣ, ಆಳ ಎರಡನ್ನೂ ಗುಣಿಸಿ 0.4ರಿಂದ ಮತ್ತೊಮ್ಮೆ ಗುಣಿಸಿದರೆ ಅಂದಾಜು ಸಿಗುತ್ತದೆ: 32,000 ಘನ ಮೀಟರ್, ಅಂದರೆ 3.2 ಕೋಟಿ ಲೀಟರ್. ಒಡ್ಡು ಒಡೆದು ಅರ್ಧ ತಾಸಿನಲ್ಲಿ ಇದು ಖಾಲಿಯಾದರೆ ಹಳ್ಳದಲ್ಲಿ ಸರಾಸರಿ ಸೆಕೆಂಡಿಗೆ 18 ಘನ ಮೀಟರ್ ನೀರು ನುಗ್ಗುತ್ತದೆ, ಅಬ್ಬರ ಜೋರಾದಾಗ ಇನ್ನೂ ಹೆಚ್ಚು. ಊರ ರಸ್ತೆಯ ಕೆಳಗೆ ಇಟ್ಟ ಎರಡು ಮೂರು ಸಿಮೆಂಟ್ ಪೈಪಿನ ಮೋರಿ ಇದರ ಕಾಲು ಭಾಗವನ್ನೂ ತಡೆದುಕೊಳ್ಳುವುದು ಕಷ್ಟ. ಹಳ್ಳದ ದಂಡೆಯ ಶೆಡ್ಡಿನಲ್ಲಿ ಮಲಗಿದ ಕೂಲಿಯವರು, ರಾತ್ರಿ ಮೋರಿ ದಾಟುವ ಬೈಕಿನವರು, ಕಟ್ಟಿದ ದನಕರು: ಆ ನೀರು ಮೊದಲು ಮುಟ್ಟುವುದು ಇವರನ್ನು.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ ಕಟ್ಟೆಗಳಿಗೆ ಅನ್ವಯಿಸುತ್ತದೆ. 10ರಿಂದ 15 ಮೀಟರ್ ನಡುವಿನವು ಉದ್ದ, ಸಂಗ್ರಹ, ನೆರೆಯ ಪ್ರಮಾಣ ಇತ್ಯಾದಿ ಷರತ್ತಿನ ಮೇಲೆ ಅದರಡಿ ಬರುತ್ತವೆ. ನಿಮ್ಮ ಐದು ಮೀಟರ್ ಒಡ್ಡು ಆ ಪಟ್ಟಿಯಲ್ಲಿಲ್ಲ. ಹಾಗೆಂದರೆ ವರ್ಷಕ್ಕೆರಡು ಸಲ ಬಂದು ನೋಡುವ ಸರಕಾರಿ ಎಂಜಿನಿಯರ್ ನಿಮಗಿಲ್ಲ ಎಂದರ್ಥ. ನೋಡುವ ಕಣ್ಣು ನಿಮ್ಮದೇ ಆಗಬೇಕು.

ಮಣ್ಣಿನ ಒಡ್ಡು ಒಡೆಯುವುದು ಹೇಗೆ?

ಮುಖ್ಯವಾಗಿ ಮೂರು ದಾರಿ. ಒಂದು, ಕೋಡಿ ಸಾಲದೆ ನೀರು ನೆತ್ತಿ ಹತ್ತಿ ಹರಿಯುವುದು. ಆಗ ಹೊರಮೈ ಮಣ್ಣು ಬುಡದಿಂದ ಮೇಲಕ್ಕೆ ಕೊರೆದುಕೊಂಡು ಬರುತ್ತದೆ. ಎರಡು, ಒಡ್ಡಿನೊಳಗೆ ಅಥವಾ ತೂಬಿನ ಪೈಪಿನ ಗುಂಟ ನೀರು ಸಂದು ಮಾಡಿಕೊಂಡು ಮಣ್ಣನ್ನು ಕಣಕಣವಾಗಿ ಹೊತ್ತೊಯ್ಯುವುದು. ಮೂರು, ಇಳಿಜಾರು ಕುಸಿದು ಜಾರುವುದು.

ಪುಣೆ ಬಳಿಯ ಪಾನಶೆತ್ ಅಣೆಕಟ್ಟು 1961ರ ಜುಲೈ 12ರಂದು ಒಡೆದದ್ದಕ್ಕೆ ತೂಬಿನ ಮಾರ್ಗವೇ ಮೂಲ. 2019ರ ಜುಲೈ 2ರ ರಾತ್ರಿ ರತ್ನಾಗಿರಿ ಜಿಲ್ಲೆಯ ತಿವರೆ ಒಡ್ಡು ಒಡೆದು ಕನಿಷ್ಠ 19 ಜನ ಸತ್ತರು. ಸೋರಿಕೆಯ ಬಗ್ಗೆ ಊರವರು ಮೊದಲೇ ದೂರಿದ್ದರು. ಅವೆರಡೂ ನಿಮ್ಮ ಕೆರೆಗಿಂತ ಎಷ್ಟೋ ದೊಡ್ಡವು. ಆದರೆ ಮಣ್ಣು ಸೋಲುವ ರೀತಿ ಎರಡೂ ಕಡೆ ಒಂದೇ.

ಕೋಡಿ ಎಷ್ಟು ಅಗಲ ಇರಬೇಕು? ಒಂದು ಅಡಿಯ ಎರಡು ಪೈಪು ಇಟ್ಟಿದ್ದೇವೆ, ಸಾಲದೆ?

ಸಾಲುವುದಿಲ್ಲ. ತೋಟದ ಒಡ್ಡುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ, ಎಲ್ಲಕ್ಕಿಂತ ಅಪಾಯದ ದೋಷ ಇದೇ.

ನಿಮ್ಮ ಕೆರೆಗೆ ನೀರು ಹರಿದು ಬರುವ ಮೇಲಿನ ಜಮೀನು 100 ಎಕರೆ ಎಂದುಕೊಳ್ಳಿ, ಅಂದರೆ 40 ಹೆಕ್ಟೇರ್. ತಾಸಿಗೆ 75 ಮಿ.ಮೀ. ಜೋರಿನ ಮಳೆ ಬಿತ್ತು, ಅದರಲ್ಲಿ ಅರ್ಧ ಇಂಗಿ ಅರ್ಧ ಹರಿಯಿತು. ಹೆಕ್ಟೇರ್, ಮಿ.ಮೀ., 0.5 ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 4.2 ಘನ ಮೀಟರ್ ಬರುತ್ತದೆ. ಒಂದು ಅಡಿ ವ್ಯಾಸದ ಪೈಪು, ಮೇಲೆ ಒಂದು ಮೀಟರ್ ನೀರಿನ ಒತ್ತಡವಿದ್ದರೂ, ಹೊರಗೆ ಬಿಡುವುದು 0.19 ಘನ ಮೀಟರ್ ಮಾತ್ರ. ಇಪ್ಪತ್ತೆರಡು ಪೈಪು ಬೇಕಾದಲ್ಲಿ ಎರಡು ಇಟ್ಟಂತಾಯಿತು. ಕಸ ಸಿಕ್ಕಿಕೊಂಡರೆ ಆ ಎರಡೂ ಇಲ್ಲ.

ಅದೇ ನೀರಿಗೆ ತೆರೆದ ಕೋಡಿ ಮಾಡಿದರೆ, ಕೋಡಿಯ ಮೇಲೆ ಅರ್ಧ ಮೀಟರ್ ದಪ್ಪ ಹರಿಯುವಾಗ ಪ್ರತಿ ಮೀಟರ್ ಅಗಲಕ್ಕೆ ಸುಮಾರು 0.6 ಘನ ಮೀಟರ್ ಹೋಗುತ್ತದೆ. ಏಳು ಮೀಟರ್ ಅಗಲ ಬೇಕಾಯಿತು. ಹುಲ್ಲು, ಒರಟು ನೆಲ ಇದ್ದರೆ ಎಂಟೂವರೆ ಇಡಿ. ಆ ಹರಿವಿನ ಮಟ್ಟದಿಂದ ನೆತ್ತಿಗೆ ಇನ್ನೂ ಒಂದು ಮೀಟರ್ ಅಂತರ ಉಳಿಯಬೇಕು. ಅಂದರೆ ಕೋಡಿಯ ನೆಲದಿಂದ ನೆತ್ತಿಯ ಅತಿ ತಗ್ಗಿನ ಬಿಂದುವಿಗೆ ಒಟ್ಟು ಒಂದೂವರೆ ಮೀಟರ್.

"ಅತಿ ತಗ್ಗಿನ ಬಿಂದು" ಎಂದಿದ್ದನ್ನು ಗಮನಿಸಿ. ಟ್ರ್ಯಾಕ್ಟರ್ ಹತ್ತುವ ಜಾಗ, ದನ ದಾಟುವ ದಾರಿ, ಹಳೆಯ ಹಳ್ಳದ ಪಾತ್ರದ ನೇರಕ್ಕೆ ಮಣ್ಣು ಕುಗ್ಗಿದ ನಡುಭಾಗ ಇವೆಲ್ಲ ಅರ್ಧ ಅಡಿ, ಒಂದು ಅಡಿ ತಗ್ಗಿರುತ್ತವೆ. ಕಣ್ಣಿಗೆ ತಿಳಿಯುವುದಿಲ್ಲ. ಗೌಂಡಿಯ ನೀರು ತುಂಬಿದ ಲೆವೆಲ್ ಟ್ಯೂಬ್ ತಂದು ನೆತ್ತಿಯುದ್ದಕ್ಕೂ ಹತ್ತು ಹತ್ತು ಮೀಟರಿಗೆ ಮಟ್ಟ ಹಿಡಿದು ಬರೆದಿಡಿ. ಅರ್ಧ ದಿನದ ಕೆಲಸ. ಒಡ್ಡಿನ ನಿಜವಾದ ಎತ್ತರ ಆಗಲೇ ತಿಳಿಯುವುದು.

ಮೇಲಿನ ಮಳೆಯ ಅಂಕಿ ಲೆಕ್ಕದ ರೀತಿ ತೋರಿಸಲು ಕೊಟ್ಟದ್ದು. ಕಲಘಟಗಿ, ಹಾನಗಲ್ಲಿನ ಮಲೆನಾಡಿನ ಸೆರಗಿಗೂ ಗದಗ, ನವಲಗುಂದದ ಎರೆ ಬಯಲಿಗೂ ಮಳೆ ಬೇರೆ, ಹರಿಯುವ ಪಾಲೂ ಬೇರೆ. ಕೆಳಗೆ ಮನೆಗಳಿದ್ದರೆ ನೂರು ವರ್ಷಕ್ಕೊಮ್ಮೆಯ ನೆರೆಗೆ ಕೋಡಿ ಲೆಕ್ಕ ಹಾಕಿಸಿ. ಹೆಸರು ಕೇಳಿ ದೂರದ ಮಾತು ಅನ್ನಿಸಬಹುದು. ಅಂಥ ನೆರೆ ಮೂವತ್ತು ವರ್ಷದಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಕೋಡಿ ಎಲ್ಲಿರಬೇಕು?

ಒಡ್ಡಿನ ತುದಿಯಾಚೆ, ಕಡಿದ ಗಟ್ಟಿ ನೆಲದಲ್ಲಿ. ತುಂಬಿದ ಮಣ್ಣಿನ ಮೇಲೆ ಬೇಡ. ಕೋಡಿ ನೀರು ಹೊರಮೈ ಬುಡಕ್ಕೆ ತಿರುಗದಂತೆ ದೂರ ಒಯ್ದು ಹಳ್ಳಕ್ಕೆ ಸೇರಿಸಿ. ಇಳಿಯುವ ಜಾಗದಲ್ಲಿ ಒಂದಡಿ ಗಾತ್ರದ ಕಲ್ಲು ಹಾಸಿ, ಅಡಿಗೆ ಖಡಿಯ ಪದರ ಕೊಡಿ. ಇಲ್ಲದಿದ್ದರೆ ಅಲ್ಲಿ ಗುಂಡಿ ಬಿದ್ದು, ಅದು ವರ್ಷವರ್ಷ ಹಿಂದೆ ಸರಿಯುತ್ತ ಕೆರೆಯವರೆಗೂ ಕೊರೆಯುತ್ತದೆ.

ಮೀನು ಹೋಗದಂತೆ ಕೋಡಿಗೆ ಜಾಳಿಗೆ ಕಟ್ಟಿದ್ದೇವೆ. ನೀರು ಹೆಚ್ಚು ನಿಲ್ಲಲಿ ಎಂದು ಉಸುಕಿನ ಚೀಲವನ್ನೂ ಇಟ್ಟಿದ್ದೇವೆ.

ಎರಡನ್ನೂ ಇಂದೇ ತೆಗೆಯಿರಿ. ಅಂತರಗಂಗೆ, ಜೋಳದ ದಂಟು, ಪ್ಲಾಸ್ಟಿಕ್ ಬಂದು ಜಾಳಿಗೆಗೆ ಬಡಿದರೆ ಅದು ಗೋಡೆಯೇ ಆಗುತ್ತದೆ. ಒಂದೂವರೆ ಅಡಿ ಚೀಲ ಇಟ್ಟರೆ ನೀವು ಕಷ್ಟಪಟ್ಟು ಬಿಟ್ಟುಕೊಂಡ ಒಂದೂವರೆ ಮೀಟರ್ ಅಂತರದ ಮೂರನೆಯ ಒಂದು ಭಾಗ ಹೋಯಿತು.

ಇದು ಹಿಂಗಾರಿನಲ್ಲಿ ಹೆಚ್ಚು ಕಾಡುತ್ತದೆ. ಮಿರಗ, ಆರಿದ್ರಾ ಮಳೆಗೆ ಕೆರೆ ಖಾಲಿ ಇರುತ್ತದೆ, ನೆಲ ಕುಡಿಯುತ್ತದೆ. ಉತ್ತರಿ, ಹಸ್ತ, ಚಿತ್ತಿ ಮಳೆ ಬರುವ ಹೊತ್ತಿಗೆ ಕೆರೆ ತುಂಬಿರುತ್ತದೆ, ಮೇಲಿನ ಹೊಲಗಳು ನೆಂದಿರುತ್ತವೆ, ಬಿದ್ದ ಹನಿಯೆಲ್ಲ ಹರಿದೇ ಬರುತ್ತದೆ. 2009ರಲ್ಲಿ ಉತ್ತರ ಕರ್ನಾಟಕ ಮುಳುಗಿದ್ದು ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ. ಮೀನು ಉಳಿಸಲೇಬೇಕಿದ್ದರೆ ಕೋಡಿಗಿಂತ ಹತ್ತು ಮೀಟರ್ ಒಳಗೆ, ನೀರಿನಲ್ಲಿ ತೇಲುವ ಬಲೆ ಹಾಕಿ. ಹರಿವು ಜೋರಾದರೆ ಬಲೆಯ ಒಂದು ತುದಿ ತಾನೇ ಬಿಚ್ಚಿಕೊಳ್ಳುವಂತಿರಲಿ.

ಎರೆ ಮಣ್ಣಿನ ಒಡ್ಡು. ಬೇಸಿಗೆಯಲ್ಲಿ ಕೈ ಹಿಡಿಸುವಷ್ಟು ಬಿರುಕು. ಮಳೆ ಬಂದರೆ ತಾನೇ ಕೂಡಿಕೊಳ್ಳುತ್ತದಲ್ಲ?

ಮೇಲೆ ಕೂಡಿಕೊಂಡಂತೆ ಕಾಣುತ್ತದೆ, ಒಳಗೆ ಸಂದು ಉಳಿದಿರಬಹುದು. ಎರೆ ಮಣ್ಣು ನೆಂದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಿರುಕು ಒಂದು ಮೀಟರ್‌ಗಿಂತ ಆಳ ಹೋಗುವುದು ಅಪರೂಪವಲ್ಲ. ಅಡ್ಡ ಮಳೆಗೆ ಕೆರೆ ಒಮ್ಮೆಲೇ ಏರಿದರೆ ಮಣ್ಣು ಉಬ್ಬಿ ಮುಚ್ಚಿಕೊಳ್ಳುವ ಮೊದಲೇ ನೀರು ಬಿರುಕಿನೊಳಗೆ ಹರಿದಿರುತ್ತದೆ.

ಬಿರುಕಿನ ದಿಕ್ಕು ನೋಡಿ. ಜೇಡರ ಬಲೆಯಂತೆ ಸುತ್ತಲೂ ಹರಡಿದ್ದರೆ ಒಣಗಿದ ಬಿರುಕು. ಒಳಮೈಯಿಂದ ಹೊರಮೈಗೆ ನೆತ್ತಿಯನ್ನು ಅಡ್ಡ ಕತ್ತರಿಸಿದ್ದರೆ ಅದು ನೀರಿಗೆ ಸಿದ್ಧವಾದ ದಾರಿ, ತಡಮಾಡದೆ ಸರಿಪಡಿಸಬೇಕು. ನೆತ್ತಿಯ ಅಂಚಿನಲ್ಲಿ ಬಿಲ್ಲಿನಾಕಾರದ ಬಿರುಕು ಬಂದು ಒಂದು ಕಡೆ ಎರಡು ಮೂರು ಇಂಚು ಕುಸಿದಿದ್ದರೆ ಇಳಿಜಾರು ಜಾರತೊಡಗಿದೆ. ಮೇಲೆ ವಾಹನ ಬಿಡಬೇಡಿ, ನೀರನ್ನು ನಿಧಾನ ಇಳಿಸುತ್ತ ಎಂಜಿನಿಯರನ್ನು ಕರೆಸಿ.

ಅಡ್ಡ ಬಿರುಕಿನ ದುರಸ್ತಿ ಹೀಗೆ. ತೆಳು ಸುಣ್ಣದ ನೀರು ಬಿರುಕಿಗೆ ಹೊಯ್ಯಿರಿ, ಅಗೆಯುವಾಗ ಬಿಳಿ ಗೆರೆ ದಾರಿ ತೋರಿಸುತ್ತದೆ. ಗೆರೆ ಮುಗಿದ ಮೇಲೂ ಒಂದಡಿ ಆಳ ಹೋಗಿ. ಕುಣಿಯ ಗೋಡೆಗಳು ನೆಟ್ಟಗಿರದೆ ಮೇಲಕ್ಕೆ ಅಗಲವಾಗಿರಲಿ. ಮಣ್ಣನ್ನು ಹದವಾಗಿ ನೆನೆಸಿ, 15 ಸೆಂ.ಮೀ. ಪದರ ಹಾಕಿ, ಕೈ ಧಮ್ಮಸಿನಿಂದಾಗಲಿ ಯಂತ್ರದಿಂದಾಗಲಿ ಬಡಿಯಿರಿ, ಮೇಲೆ ಕೆರೆದು ಮುಂದಿನ ಪದರ ಹಾಕಿ. ಹದ ಎಂದರೆ, ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಅಂಗೈಗೆ ನೀರು ಅಂಟಬಾರದು. ಬರೀ ಉಸುಕು ಸುರಿದು ಬಿರುಕು ತುಂಬಬೇಡಿ. ನೀರಿಗೆ ಸಲೀಸು ದಾರಿಯಾಗುತ್ತದೆ. ಸಿಮೆಂಟ್ ಗಾರೆಯೂ ಬೇಡ, ಮುಂದಿನ ಬೇಸಿಗೆಗೆ ಅದರ ಪಕ್ಕದಲ್ಲೇ ಹೊಸ ಸಂದು ಬಿಡುತ್ತದೆ.

ಇದು ಮರುಕಳಿಸದಿರಲು ನೆತ್ತಿಯ ಮೇಲೆ 15ರಿಂದ 20 ಸೆಂ.ಮೀ. ಗರಸು ಹಾಕಿ ರೋಲರ್ ಓಡಿಸಿ, ಮೇಲ್ಮೈಯನ್ನು ಕೆರೆಯ ಕಡೆಗೆ ತುಸು ಇಳಿಜಾರು ಮಾಡಿ. ಒಳಗಿನ ಎರೆ ಒಣಗುವುದು ಬಹಳ ಕಡಿಮೆಯಾಗುತ್ತದೆ. ನಮ್ಮ ಭಾಗದಲ್ಲಿ ಖರ್ಚಿಗೆ ಹೋಲಿಸಿದರೆ ಇಷ್ಟು ಫಲ ಕೊಡುವ ಕೆಲಸ ಮತ್ತೊಂದಿಲ್ಲ.

ಕೆಲವು ಮಣ್ಣು ನೀರಿನಲ್ಲಿ ಕರಗಿಹೋಗುತ್ತದೆ ಎನ್ನುತ್ತಾರೆ. ಮನೆಯಲ್ಲೇ ತಿಳಿಯಬಹುದೆ?

ತಿಳಿಯಬಹುದು. ಸೋಡಿಯಂ ಅಂಶ ಹೆಚ್ಚಿರುವ ಜೇಡಿಮಣ್ಣು ಒತ್ತಡವಿಲ್ಲದೆಯೂ ನಿಂತ ನೀರಿನಲ್ಲಿ ಬಿಡಿಬಿಡಿಯಾಗುತ್ತದೆ. ಒಡ್ಡಿನ ಐದಾರು ಕಡೆಯಿಂದ ಕಡಲೆ ಗಾತ್ರದ ಹೆಂಟೆ ತೆಗೆದು, ಗಾಜಿನ ಲೋಟದ ನೀರಿಗೆ ಮೆಲ್ಲಗೆ ಬಿಡಿ. ಅಲುಗಾಡಿಸಬೇಡಿ. ನೀರು ಮಳೆಯದೋ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರೋ ಆಗಿರಲಿ. ಬೋರಿನ ಗಡಸು ನೀರಿನಲ್ಲಿ ಪರೀಕ್ಷೆ ಸುಳ್ಳು ಹೇಳುತ್ತದೆ. ಹತ್ತು ನಿಮಿಷದಿಂದ ಒಂದು ತಾಸಿನೊಳಗೆ ಹೆಂಟೆಯ ಸುತ್ತ ಹಾಲಿನಂಥ ಮೋಡ ಹರಡಿದರೆ ಅದು ಕರಗುವ ಮಣ್ಣು. ಹೆಂಟೆ ಕುಸಿದು ಪುಡಿಯಾಗಿಯೂ ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ.

ಮೋಡ ಕಂಡರೆ ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ. ದುರಸ್ತಿಯ ಮಣ್ಣಿಗೆ ತೂಕದ ನೂರಕ್ಕೆ 2ರಿಂದ 3 ಪಾಲು ಅರಳಿದ ಸುಣ್ಣ ಬೆರೆಸುವುದು ರೂಢಿಯಲ್ಲಿರುವ ಪರಿಹಾರ. ಸರಿಯಾದ ಪಾಲು ಪರೀಕ್ಷೆಯಿಂದ ತಿಳಿಯಬೇಕು.

ಬುಡದಲ್ಲಿ ನೆಲ ಜವಳಾಗಿದೆ, ಸಣ್ಣಗೆ ನೀರು ಜಿನುಗುತ್ತಿದೆ. ಗಾಬರಿಯಾಗಬೇಕೆ?

ಮಣ್ಣಿನ ಒಡ್ಡು ಒಂದಿಷ್ಟು ಜಿನುಗುವುದು ಸಹಜ. ನೋಡಬೇಕಾದ್ದು ಎರಡು ಸಂಗತಿ: ನೀರು ಮಣ್ಣು ತರುತ್ತಿದೆಯೆ, ಪ್ರಮಾಣ ಹೆಚ್ಚುತ್ತಿದೆಯೆ.

ಜಿನುಗು ನೀರನ್ನು ಸಣ್ಣ ಕಾಲುವೆಯಲ್ಲಿ ಕೂಡಿಸಿ ಒಂದು ಪೈಪಿನ ತುಂಡಿಗೆ ತಂದು, ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕೆಂದು ವಾರಕ್ಕೊಮ್ಮೆ ಬರೆಯಿರಿ. ಪಕ್ಕದಲ್ಲಿ ಅಂದಿನ ಕೆರೆಯ ಮಟ್ಟ ಬರೆಯಿರಿ. ಅದಕ್ಕೆ ಅಡಿ ಗುರುತು ಹಾಕಿದ ಕಂಬ ನೀರಿನಲ್ಲಿ ನಿಂತಿರಬೇಕು. ಹರಿವು ಹೆಚ್ಚಿದ್ದರೆ 90 ಡಿಗ್ರಿಯ ವಿ ಆಕಾರದಲ್ಲಿ ಕತ್ತರಿಸಿದ ತಗಡು ನಿಲ್ಲಿಸಿ. ಕಚ್ಚಿನ ತಳದಿಂದ ನೀರಿನ ಎತ್ತರ 5 ಸೆಂ.ಮೀ. ಆದರೆ ಸೆಕೆಂಡಿಗೆ ಸುಮಾರು ಮುಕ್ಕಾಲು ಲೀಟರ್, 10 ಸೆಂ.ಮೀ. ಆದರೆ 4.4 ಲೀಟರ್. ಕೆರೆಯ ಮಟ್ಟ ಅಷ್ಟೇ ಇದ್ದು ಜಿನುಗು ಏರುತ್ತಿದ್ದರೆ ಒಳಗೆ ದಾರಿ ಅಗಲವಾಗುತ್ತಿದೆ. ಪ್ರತಿ ಸಲ ಒಂದು ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ಅರ್ಧ ತಾಸು ಬಿಡಿ. ತಳದಲ್ಲಿ ರಾಡಿ ಕೂತರೆ ಒಡ್ಡಿನ ಮಣ್ಣೇ ಹೊರಬರುತ್ತಿದೆ ಎಂದು ತಿಳಿದು ಅಂದೇ ಕೆಲಸ ಶುರುಮಾಡಬೇಕು.

ಆ ಕೆಲಸ ಯಾವುದು? ತೂತು ಮುಚ್ಚುವುದಂತೂ ಅಲ್ಲವೇ ಅಲ್ಲ. ಹೊರಗಿನಿಂದ ಜೇಡಿಮಣ್ಣು ಮೆತ್ತಿದರೆ, ಕಾಂಕ್ರೀಟ್ ಸುರಿದರೆ, ಹಿಂದೆ ಒತ್ತಡ ಕೂಡಿ ನೀರು ಬೇರೆಡೆ ಒಡೆಯುತ್ತದೆ. ನೀರು ಹೋಗಲಿ, ಮಣ್ಣು ನಿಲ್ಲಲಿ ಎನ್ನುವಂತೆ ಸೋಸು ಪದರ ಕೊಡಬೇಕು. ಮೊದಲು ತೊಳೆದ ದಪ್ಪ ಉಸುಕು ಒಂದಡಿ, ಅದರ ಮೇಲೆ 6ರಿಂದ 10 ಮಿ.ಮೀ. ಖಡಿ ಅರ್ಧ ಅಡಿ, ಅದರ ಮೇಲೆ 20 ಮಿ.ಮೀ. ಖಡಿ, ಕೊನೆಗೆ ಭಾರಕ್ಕೆ ಕಲ್ಲು. ಜಿನುಗು ಜಾಗದಿಂದ ಸುತ್ತಲೂ ಒಂದು ಮೀಟರ್ ಆಚೆವರೆಗೆ ಹರಡಿ. ನೆಲದಿಂದ ನೀರು ಉಸುಕನ್ನು ಕುದಿಸಿದಂತೆ ಮೇಲೆ ತಳ್ಳುತ್ತಿದ್ದರೆ ಸುತ್ತ ಚೀಲಗಳ ಬಳೆ ಕಟ್ಟಿ, ಒಳಗೆ ನೀರು ಏರಿ ರಾಡಿ ನಿಲ್ಲುವಷ್ಟೇ ಎತ್ತರ ಮಾಡಿ. ಜೊತೆಗೆ ತೂಬು ತೆಗೆದು ಕೆರೆಯ ಮಟ್ಟ ಇಳಿಸಿ. ಕೆರೆಯ ಮೇಲ್ಮೈಯಲ್ಲಿ ಸುಳಿ ಕಂಡರೆ ಒಳಮೈ ಕಡೆಯಿಂದ ತಾಡಪತ್ರಿ, ಹುಲ್ಲಿನ ಹೊರೆ, ಮಣ್ಣಿನ ಚೀಲ ಇಳಿಬಿಡಬಹುದು. ಅಷ್ಟರಲ್ಲಿ ಕೆಳಗಿನವರಿಗೆ ಸುದ್ದಿ ಮುಟ್ಟಿರಬೇಕು.

ಇದಕ್ಕೆಲ್ಲ ಸಾಮಾನು ಆಗ ಹುಡುಕಿದರೆ ಸಿಗುವುದಿಲ್ಲ. ಎರಡು ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಉಸುಕು, ಎರಡು ಬ್ರಾಸ್ ಖಡಿ, 200 ಖಾಲಿ ಚೀಲ, ದೊಡ್ಡ ತಾಡಪತ್ರಿ, ಸಲಿಕೆ, ಚಾರ್ಜ್ ಆದ ಬ್ಯಾಟರಿ ದೀಪ ಇವು ಮೇ ತಿಂಗಳಲ್ಲೇ ಒಡ್ಡಿನ ಬಳಿ ಇರಲಿ.

ಒಡ್ಡಿನ ಮೇಲೆ ತೆಂಗು, ನೆರಳಿನ ಗಿಡ ಹಚ್ಚಬಹುದೆ?

ಬೇಡ. ಬೇರು ಮಣ್ಣು ಹಿಡಿಯುತ್ತದೆ ಎಂಬ ಮಾತು ಹುಲ್ಲಿಗೆ ನಿಜ, ಮರಕ್ಕೆ ನಿಜವಲ್ಲ. ಮರ ಸತ್ತರೆ ಬೇರು ಕೊಳೆತು ಒಡ್ಡಿನೊಳಗೆ ಕೊಳವೆಯಾಗುತ್ತದೆ. ಗಾಳಿಗೆ ಬಿದ್ದರೆ ಒಂದು ಗಾಡಿ ಮಣ್ಣನ್ನು ಕಿತ್ತುಕೊಂಡು ಬೀಳುತ್ತದೆ. ಬಳ್ಳಾರಿ ಜಾಲಿಯಂತೂ ಬೇರು ಆಳಕ್ಕೆ ಬಿಡುವುದಲ್ಲದೆ ಹೊರಮೈಯನ್ನು ಮುಚ್ಚಿ, ಬಿಲ, ಜವಳು ಯಾವುದೂ ಕಾಣದಂತೆ ಮಾಡುತ್ತದೆ. ಬುಡದಿಂದ 6ರಿಂದ 8 ಮೀಟರ್ ಆಚೆವರೆಗೂ ಮರವಿಲ್ಲದ ಪಟ್ಟಿ ಇರಲಿ. ಹೊರಮೈಗೆ ಕರಿಕೆ ಹುಲ್ಲು ಸಾಕು. ವರ್ಷಕ್ಕೆ ಎರಡು ಮೂರು ಸಲ ಕತ್ತರಿಸಿದರೆ ಒಡ್ಡು ಕಣ್ಣಿಗೆ ಕಾಣುತ್ತದೆ.

ಈಗಾಗಲೇ ಬೆಳೆದಿದ್ದರೆ? ಹೆಬ್ಬೆರಳು ದಪ್ಪದವನ್ನು ಬೇರು ಸಮೇತ ಕೀಳಿ. ನಾಲ್ಕಿಂಚು ಮೀರಿದ ಕಾಂಡದವನ್ನು ಕಡಿದು ಬುಡ ಹಾಗೇ ಬಿಟ್ಟರೆ ಕೊಳೆಯುವ ಸಮಸ್ಯೆ ಉಳಿಯುತ್ತದೆ. ಏಪ್ರಿಲ್-ಮೇನಲ್ಲಿ ನೀರು ತಳ ಸೇರಿದಾಗ ಬೊಡ್ಡೆ, ದಪ್ಪ ಬೇರು ತೆಗೆದು, ಗುಂಡಿಯನ್ನು ಮೇಲೆ ಹೇಳಿದಂತೆ ಪದರಪದರವಾಗಿ ತುಂಬಿ. ಹತ್ತಾರು ದೊಡ್ಡ ಮರಗಳಿದ್ದರೆ ಒಂದೇ ಬೇಸಿಗೆಗೆ ಎಲ್ಲವನ್ನೂ ಕೀಳದೆ ಎಂಜಿನಿಯರ್ ಸಲಹೆಯಂತೆ ಹಂತಹಂತವಾಗಿ ಮಾಡಿ.

ಹೆಗ್ಗಣ, ಏಡಿ, ಹುತ್ತ?

ಎಲ್ಲವೂ ನೀರಿನ ದಾರಿಯನ್ನು ಗಿಡ್ಡ ಮಾಡುತ್ತವೆ. ಒಂಬತ್ತು ಬುಟ್ಟಿ ಮಣ್ಣಿಗೆ ಒಂದು ಬುಟ್ಟಿ ಸಿಮೆಂಟ್ ಸೇರಿಸಿ, ಹರಿಯುವಂತೆ ಕಲಸಿ, ಬಿಲದ ಬಾಯಿಗೆ ಪೈಪು ನಿಲ್ಲಿಸಿ ತುಂಬುವವರೆಗೂ ಹೊಯ್ಯಿರಿ. ಬಾಯಿ ಮಾತ್ರ ಮುಚ್ಚಿದರೆ ಪ್ರಯೋಜನವಿಲ್ಲ. ದೊಡ್ಡ ಬಿಲವಾದರೆ ಅಗೆದೇ ತುಂಬಬೇಕು. ಉಡ, ಮುಳ್ಳುಹಂದಿ ಕಾಯ್ದೆಯ ರಕ್ಷಣೆಯಲ್ಲಿವೆ. ಅವುಗಳ ಬಿಲ ಮುಚ್ಚುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ.

ತೂಬಿನ ಪೈಪು ಹಾಕಿ ಇಪ್ಪತ್ತು ವರ್ಷವಾಯಿತು. ಕೆಲಸ ಮಾಡುತ್ತಿದೆ. ಬಿಟ್ಟುಬಿಡೋಣವೆ?

ವಾಲ್ವ್ ಎಲ್ಲಿದೆ ಎಂಬುದನ್ನು ಮೊದಲು ನೋಡಿ. ಹೊರಮೈ ಕಡೆ ಮಾತ್ರ ಇದ್ದರೆ ಪೈಪಿನಲ್ಲಿ ವರ್ಷವಿಡೀ ನೀರಿನ ಒತ್ತಡ ಇರುತ್ತದೆ. ಜಿಐ ಪೈಪು ತುಕ್ಕು ಹಿಡಿದು ತೂತಾದ ದಿನ ಆ ಒತ್ತಡದ ನೀರು ಒಡ್ಡಿನ ಹೊಟ್ಟೆಯೊಳಗೇ ಚಿಮ್ಮುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಮೈ ಕಡೆಯೂ ಮುಚ್ಚುವ ವ್ಯವಸ್ಥೆ ಮಾಡಿಸಿ, ಬಳಸದಾಗ ಅದನ್ನೇ ಮುಚ್ಚಿಡಿ.

ಪೈಪಿನ ಹೊರಸುತ್ತು ಇನ್ನೊಂದು ದುರ್ಬಲ ಜಾಗ. ದುಂಡಗಿನ ಪೈಪಿನ ಅಡಿಯಲ್ಲಿ ಮಣ್ಣು ಬಡಿಯಲು ಬರುವುದಿಲ್ಲ, ಅಲ್ಲೇ ಸಂದು ಉಳಿಯುತ್ತದೆ. ಹೊಸದಾಗಿ ಹಾಕಿಸುವಾಗ ಪೈಪನ್ನು ಅರ್ಧದವರೆಗೆ ಕಾಂಕ್ರೀಟ್ ತೊಟ್ಟಿಲಲ್ಲಿ ಕೂರಿಸಿ, ಹೊರಮೈ ಕಡೆಯ ಮೂರನೆಯ ಒಂದು ಭಾಗದಲ್ಲಿ ಪೈಪಿನ ಸುತ್ತ ಉಸುಕಿನ ಸೋಸು ಕಟ್ಟಿಸಿ, ಅದರ ನೀರು ಬುಡದಲ್ಲಿ ಹೊರಬರುವಂತೆ ಬಿಡಿ. ತೆಳು ಪಿವಿಸಿ ಬೇಡ, ಎಚ್‌ಡಿಪಿಇ ಅಥವಾ ಕಾಂಕ್ರೀಟ್ ಹೊದಿಸಿದ ಪೈಪು ಆಗಬಹುದು. ವಾಲ್ವನ್ನು ತಿಂಗಳಿಗೊಮ್ಮೆ ಪೂರ್ತಿ ತೆರೆದು ಮುಚ್ಚಿ. ಬೇಕಾದ ರಾತ್ರಿ ಅದು ಜಾಮಾಗಿರಬಾರದು.

ದುರಸ್ತಿಗೆಂದು ಕೆರೆ ಖಾಲಿ ಮಾಡಬೇಕು. ಎರಡು ದಿನದಲ್ಲಿ ಮೋಟಾರ್ ಹಚ್ಚಿ ತೆಗೆಯಬಹುದೆ?

ಬೇಡ. ನೀರು ಸರಕ್ಕನೆ ಇಳಿದರೂ ಒಳಮೈ ಮಣ್ಣೊಳಗಿನ ನೀರು ಅಷ್ಟು ಬೇಗ ಇಳಿಯುವುದಿಲ್ಲ. ಆ ಭಾರಕ್ಕೆ ಎದುರಿನ ಆಸರೆ ತಪ್ಪಿ ಇಳಿಜಾರು ಜಾರುತ್ತದೆ. ದಿನಕ್ಕೆ ಒಂದು ಅಡಿ ಮೀರಬೇಡಿ. ಎರೆ ಮಣ್ಣಾದರೆ ಅರ್ಧ ಅಡಿ.

ಹೂಳೆತ್ತುವಾಗ ಏನು ಜಾಗ್ರತೆ?

ಒಳಮೈ ಇಳಿಜಾರು ಮುಗಿದ ಜಾಗದಿಂದ ಕನಿಷ್ಠ 10 ಮೀಟರ್ ಬಿಟ್ಟು ಅಗೆಯಲು ಜೆಸಿಬಿಯವರಿಗೆ ಸುಣ್ಣದ ಗೆರೆ ಎಳೆದು ತೋರಿಸಿ. ಒಳ್ಳೆಯ ಮಣ್ಣು ಸಿಗುತ್ತದೆಂದು ಒಡ್ಡಿನ ಕಾಲಡಿಯೇ ತೋಡಿದರೆ ಇಳಿಜಾರು ಕುಸಿಯುತ್ತದೆ. ತಳದ ಜೇಡಿ ಪದರ ಪೂರ್ತಿ ಕಿತ್ತು ಗರಸು ಕಂಡರೆ ಕೆರೆ ನೀರು ಹಿಡಿಯುವುದಿಲ್ಲ. ಎತ್ತಿದ ಹೂಳನ್ನು ನೆತ್ತಿಯ ಮೇಲೆ ಸುರಿದು "ಎತ್ತರಿಸಿದೆವು" ಎನ್ನಬೇಡಿ. ಅದು ಹೊಲಕ್ಕೆ ಹೋಗಲಿ.

ಹಾಗಾದರೆ ಒಡ್ಡನ್ನು ಒಂದು ಮೀಟರ್ ಎತ್ತರಿಸುವುದು ಹೇಗೆ?

ನೆತ್ತಿಗೆ ಮಣ್ಣು ಪೇರಿಸುವುದರಿಂದ ಆಗುವುದಿಲ್ಲ. ಒಳಮೈ ಒಂದಕ್ಕೆ ಎರಡೂವರೆಯಿಂದ ಮೂರು (ಒಂದು ಮೀಟರ್ ಎತ್ತರಕ್ಕೆ ಅಷ್ಟು ಮೀಟರ್ ಅಡ್ಡ), ಹೊರಮೈ ಒಂದಕ್ಕೆ ಎರಡರಿಂದ ಎರಡೂವರೆ ಇಳಿಜಾರು, ನೆತ್ತಿ ಕನಿಷ್ಠ ಮೂರು ಮೀಟರ್ ಅಗಲ ಇವನ್ನು ಉಳಿಸಿಕೊಂಡು ಒಂದು ಮೀಟರ್ ಏರಿಸಿದರೆ ಬುಡ ಸುಮಾರು ಐದು ಮೀಟರ್ ಹಿಂದಕ್ಕೆ ಹೋಗಬೇಕು. ಹಳೆಯ ಹೊರಮೈಯ ಹುಲ್ಲು ಕೆರೆದು, ಮೆಟ್ಟಿಲು ಕಡಿದು, ಮೊದಲು ಸೋಸು ಪದರ ಹಾಕಿ, ಆಮೇಲೆ ಮಣ್ಣು. ಕೋಡಿಯ ಲೆಕ್ಕವೂ ಹೊಸದು. ಸಣ್ಣ ಮಣ್ಣಿನ ಕಟ್ಟೆಗಳ ವಿನ್ಯಾಸಕ್ಕೆ ಐಎಸ್ 12169 ಎಂಬ ಭಾರತೀಯ ಮಾನಕವಿದೆ. ಅದನ್ನು ಓದಿದ ಎಂಜಿನಿಯರ್ ಬೇಕು.

ಮಣ್ಣು ಬಡಿದದ್ದು ಸಾಕೆ ಎಂಬುದಕ್ಕೆ ಕೋರ್ ಕಟ್ಟರ್ ಪರೀಕ್ಷೆ (ಬಡಿದ ಪದರಕ್ಕೆ ಉಕ್ಕಿನ ಕೊಳವೆ ಇಳಿಸಿ ಮಣ್ಣು ತೆಗೆದು ತೂಗುವುದು) ಕೇಳಿ. ಪ್ರಾಕ್ಟರ್ ಸಾಂದ್ರತೆಯ, ಅಂದರೆ ಅದೇ ಮಣ್ಣನ್ನು ಪ್ರಯೋಗಾಲಯದಲ್ಲಿ ಬಡಿದಾಗ ಸಿಗುವ ಗರಿಷ್ಠ ಒಣ ಸಾಂದ್ರತೆಯ, ನೂರಕ್ಕೆ 95 ಬರಬೇಕು. ಜೆಸಿಬಿ ಓಡಾಡಿದ್ದು ಧಮ್ಮಸು ಆಗುವುದಿಲ್ಲ. 20 ಸೆಂ.ಮೀ. ಪದರಕ್ಕೆ ಶೀಪ್‌ಫೂಟ್ ರೋಲರ್ ಓಡಲೇಬೇಕು.

ಎಷ್ಟು ದಿನಕ್ಕೊಮ್ಮೆ ಸುತ್ತು ಹಾಕಬೇಕು?

ಕಾರಹುಣ್ಣಿಮೆಗೆ ಮುಂಚೆ ಒಮ್ಮೆ, ಶೀಗಿ ಹುಣ್ಣಿಮೆ ಕಳೆದ ಮೇಲೆ ಒಮ್ಮೆ ಪೂರ್ತಿ ತಪಾಸಣೆ. ಕೆರೆ ಮುಕ್ಕಾಲು ತುಂಬಿದ ದಿನಗಳಲ್ಲಿ ವಾರಕ್ಕೊಮ್ಮೆ, ಜೋರು ಮಳೆಯಾದ ಮಾರನೆಯ ಬೆಳಿಗ್ಗೆ ತಪ್ಪದೆ. ನೆತ್ತಿಯ ಮೇಲೆ ಗಾಡಿಯಲ್ಲಿ ಹೋದರೆ ಏನೂ ಕಾಣುವುದಿಲ್ಲ. ಬುಡದ ಗುಂಟ ನಡೆಯಿರಿ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆದಿಡಿ. ಸುತ್ತಲೂ ಒಣಗಿದಾಗ ಒಂದು ಕಡೆ ಮಾತ್ರ ಹುಲ್ಲು ಹಸಿರಾಗಿದ್ದರೆ ಅಲ್ಲಿ ನೀರಿದೆ.

ದೋಣಿ, ಈಜು, ಅತಿಥಿಗಳು?

ತೂಬಿನ ಸುತ್ತ ಮತ್ತು ಕೋಡಿಯ ಬಳಿ ಯಾರೂ ನೀರಿಗಿಳಿಯದಂತೆ ತೇಲುವ ಹಗ್ಗ ಕಟ್ಟಿ. ಹೂಳಿನ ಕೆರೆಯಲ್ಲಿ ಈಜು ಬಲ್ಲವರೂ ಕಾಲು ಹೂತು ಮುಳುಗುತ್ತಾರೆ. ಈಜಿಗೆ ಬಿಡದಿರುವುದೇ ಲೇಸು. ದೋಣಿ ಹತ್ತುವ ಎಲ್ಲರಿಗೂ ಲೈಫ್ ಜಾಕೆಟ್, ದಡದಲ್ಲಿ ಹಗ್ಗ ಕಟ್ಟಿದ ಟ್ಯೂಬ್, ಉದ್ದ ಗಳ ಇರಲಿ. ಪಕ್ಕದಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡವಿದ್ದರೆ ಬೇಲಿ ಹಾಕಿ, ಒಳಗೆ ಗಂಟು ಹಾಕಿದ ಹಗ್ಗ ಇಳಿಬಿಡಿ. ಆ ಜಾರುವ ಹಾಳೆಯ ಮೇಲೆ ಮಗು ಇರಲಿ, ದೊಡ್ಡವರೂ ಹತ್ತಿ ಬರಲಾರರು.

ಅಟ್ಟಣಿಗೆ, ಮೆಟ್ಟಿಲು, ದೀಪದ ಕೇಬಲ್, ಹುಲ್ಲುಹಾಸಿನ ಪೈಪು ಯಾವುದಕ್ಕೂ ಒಡ್ಡನ್ನು ಅಗೆಯಬೇಡಿ. ಪಕ್ಕದ ದಂಡೆ ಬಳಸಿ. ಮೋಟಾರ್ ದೋಣಿಯ ಅಲೆ ಒಳಮೈ ಕೊರೆಯುತ್ತದೆ, ನೀರಿನ ಮಟ್ಟ ಆಡುವಷ್ಟು ಎತ್ತರಕ್ಕೆ ಕಲ್ಲಿನ ಪಿಚಿಂಗ್ ಬೇಕು, ಅಡಿಗೆ ಖಡಿ ಬೇಕು.

ರಾತ್ರಿ ಜೋರು ಮಳೆ, ನೀರು ನೆತ್ತಿಯ ಹತ್ತಿರ ಬಂದಿದೆ. ಏನು ಮಾಡಲಿ?

ಮೊದಲ ಕೆಲಸ ಫೋನು. ಹಳ್ಳದ ಗುಂಟ ಕೆಳಗಿರುವ ಮನೆ, ಶೆಡ್ಡುಗಳವರ ನಂಬರಿನ ಪಟ್ಟಿ ಕಾಗದದಲ್ಲಿ ಗೋಡೆಗೆ ಅಂಟಿಸಿರಬೇಕು. ಅವರನ್ನು ಎಬ್ಬಿಸಿ ಎತ್ತರಕ್ಕೆ ಕಳಿಸಿ. 112ಕ್ಕೆ, ಜಿಲ್ಲಾ ತುರ್ತು ಕೇಂದ್ರದ 1077ಕ್ಕೆ ಹೇಳಿ. ರಸ್ತೆ ಬಂದ್ ಮಾಡಿಸಿ. ಸುಳ್ಳು ಎಚ್ಚರಿಕೆಯಾದೀತೆಂದು ಕಾಯಬೇಡಿ.

ಆಮೇಲೆ ತೂಬು ಪೂರ್ತಿ ತೆರೆಯಿರಿ. ಕೋಡಿಯ ಕಸವನ್ನು ದಡದಲ್ಲಿ ನಿಂತು ಉದ್ದ ಕೊಕ್ಕೆಯಿಂದ ಎಳೆಯಿರಿ, ಹರಿವ ನೀರಿಗಿಳಿಯಬೇಡಿ. ನೆತ್ತಿಯ ತಗ್ಗು ಜಾಗಕ್ಕೆ ತಾಡಪತ್ರಿ ಹಾಸಿ, ಮೂರನೆಯ ಎರಡು ಭಾಗ ತುಂಬಿದ ಚೀಲಗಳನ್ನು ಎರಡು ಸಾಲು ಇಡಿ. ಒಡ್ಡನ್ನು ಕಡಿದು ನೀರು ಬಿಡುವ ಯೋಚನೆ ಯಾರು ಹೇಳಿದರೂ ಬೇಡ. ಕಡಿದದ್ದು ನಿಮ್ಮ ಹಿಡಿತದಲ್ಲಿ ಉಳಿಯುವುದಿಲ್ಲ. ಕಡಿಯಲೇಬೇಕಿದ್ದರೆ ಕೋಡಿಯ ಆಚೆಯ ಗಟ್ಟಿ ನೆಲದಲ್ಲಿ ಕೋಡಿಯನ್ನು ಅಗಲ ಮಾಡಿ. ನೀರು ನೆತ್ತಿ ದಾಟಿ ಹರಿಯತೊಡಗಿದರೆ ಎಲ್ಲರೂ ಒಡ್ಡಿನಿಂದ ಇಳಿದು ದೂರ ಹೋಗಬೇಕು.

ಮಳೆಯ ಮುನ್ಸೂಚನೆಗೆ ರಾಜ್ಯದ ವರುಣಮಿತ್ರ ಸಹಾಯವಾಣಿ ಇದೆ. ಎರಡು ದಿನ ಮೊದಲೇ ತಿಳಿದರೆ ಒಂದೆರಡು ಅಡಿ ನೀರು ಇಳಿಸಿ ಜಾಗ ಮಾಡಿಕೊಳ್ಳಬಹುದು.

ಒಡೆದು ಹಾನಿಯಾದರೆ ಹೊಣೆ ಯಾರದು?

ಮಾಲೀಕರದು. ಕಾರ್ವೇಟಿನಗರದ ಜಮೀನ್ದಾರನ ಕೆರೆ ಒಡೆದು ರೈಲುಮಾರ್ಗ ಹಾಳಾದ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಪೀಠವಾದ ಪ್ರಿವಿ ಕೌನ್ಸಿಲ್ 1874ರಲ್ಲಿ ಅವನನ್ನು ಹೊಣೆಯಿಂದ ಬಿಟ್ಟಿತು. ಕಾರಣ, ಆ ಕೆರೆಗಳು ಜನರ ಬೇಸಾಯಕ್ಕೆ ಅಗತ್ಯವಾಗಿದ್ದವು, ಕಾಯ್ದುಕೊಳ್ಳುವುದು ಅವನ ಕರ್ತವ್ಯವಾಗಿತ್ತು, ನಿರ್ಲಕ್ಷ್ಯ ಇರಲಿಲ್ಲ. ಮೋಜಿಗೆ ನಿಲ್ಲಿಸಿದ ನೀರಿಗೆ ಈ ಆಸರೆ ಸಿಗುವುದು ಕಷ್ಟ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಐದು ವರ್ಷದವರೆಗೆ ಶಿಕ್ಷೆ ಹೇಳುತ್ತದೆ. ತಪಾಸಣೆಯ ದಾಖಲೆ ಪುಸ್ತಕ ಇಡಿ, ಸಾರ್ವಜನಿಕ ಹೊಣೆಯ ವಿಮೆ ವಿಚಾರಿಸಿ.

ಹಳ್ಳದ ಪಾತ್ರ ಪಹಣಿಯಲ್ಲಿ 'ಬ' ಖರಾಬು ಆಗಿದ್ದರೆ ಅದು ಸಾರ್ವಜನಿಕ ಜಾಗ. ಎರಡೂ ಬದಿ ನಿಮ್ಮ ಹೊಲವಿದ್ದರೂ ಅಡ್ಡ ಒಡ್ಡು ಹಾಕಲು ಅನುಮತಿ ಬೇಕು. ಒಡ್ಡು ಇರುವ ಜಮೀನು ಕೊಳ್ಳುವವರು ಇದನ್ನು ಮೊದಲು ನೋಡಿ.

ಕೆರೆಯೇ ಬೇಡವೆಂದು ಬಿಟ್ಟುಬಿಟ್ಟರೆ?

ನೋಡುವವರಿಲ್ಲದ ಒಡ್ಡು ಇನ್ನೂ ಅಪಾಯ. ಬೇಡವಾದರೆ ಬೇಸಿಗೆಯಲ್ಲಿ ನೀರು ನಿಧಾನ ಇಳಿಸಿ, ಹಳೆಯ ಹಳ್ಳದ ಪಾತ್ರದ ನೇರಕ್ಕೆ ಒಡ್ಡನ್ನು ತಳದವರೆಗೂ ತೆಗೆಯಿರಿ. ಕಂಡಿಯ ತಳ ಹಳ್ಳದ ಸಹಜ ಅಗಲಕ್ಕೆ ಕಡಿಮೆಯಿರಬಾರದು, ಎರಡೂ ಬದಿ ಒಂದಕ್ಕೆ ಎರಡರ ಇಳಿಜಾರು ಇರಬೇಕು. ಒಳಗಿನ ಹೂಳು ಮೊದಲ ಮಳೆಗೆ ಕೆಳಗಿನವರ ಹೊಲಕ್ಕೆ ಹೋಗದಂತೆ ಮೊದಲೇ ಎತ್ತಿಸಿ, ತೆಗೆದ ಮಣ್ಣನ್ನು ಹಳ್ಳದಿಂದ ದೂರ ಹರಡಿಸಿ. ತೂಬಿನ ಪೈಪನ್ನು ಮಣ್ಣಲ್ಲಿ ಬಿಡದೆ ಕಿತ್ತು ತೆಗೆಯಿರಿ.